ಓಟಿಜಿ, ಮೈಕ್ರೋವೇವ್, ಕುಕ್ಕರ್: ಹಂದಿ ಪಕ್ಕೆ ಬಾರ್ಬೆಕ್ಯೂಗೆ ಯಾವುದು ಸರಿ?

ದಾವಣಗೆರೆಯಲ್ಲಿ ಹಂದಿ ಬಾಡಿನ ಅಂಗಡಿ ಮುಂದೆ ನಿಂತರೆ ಮೊದಲು ಕೇಳುವುದು "ಸಾರಿಗಾ, ಫ್ರೈಗಾ?" ಅಂತ. ಮೊದಲ ಸಲ ಹೋದಾಗ ನಾನು "ಪಕ್ಕೆ ಕೊಡಿ ಅಣ್ಣಾ, ಎರಡು ಕೆಜಿ" ಅಂದೆ ಅಷ್ಟೇ. ಚೀಲ ಬಿಡಿಸಿ ಹಿಡಿಯುವಷ್ಟರಲ್ಲಿ ಇಡೀ ಪಕ್ಕೆ ಹೆಬ್ಬೆರಳ ಗಾತ್ರದ ತುಂಡುಗಳಾಗಿ ತಕ್ಕಡಿಗೆ ಬಿದ್ದಿತ್ತು. ಅವರ ತಪ್ಪೇನಿಲ್ಲ. ನಮ್ಮ ಕಡೆ ಪಕ್ಕೆ ಮೂಳೆ ಅಂದರೆ ಸಾರಿಗೆ ತಾನೆ? ಅವತ್ತು ಸಾರು ಮಾಡಿ ಮುದ್ದೆ ಉಂಡೆವು.

ಅದಾದ ಮೇಲೆ ಪಕ್ಕೆ ಬಾರ್ಬೆಕ್ಯೂ ಮಾಡುವುದನ್ನು ಬಿಡದೆ ಕಲಿತಿದ್ದೇನೆ. ನಮ್ಮ ಮನೆಯ 28 ಲೀಟರಿನ ಓಟಿಜಿಯಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್ನಿನಲ್ಲಿ ಮಾಡಿದ್ದೇನೆ. ಚಿತ್ರದುರ್ಗದಲ್ಲಿರುವ ತಮ್ಮನ ಮನೆಯ ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಮಾಡಿದ್ದೇನೆ. ಕುಕ್ಕರ್‌ನಲ್ಲಿ ಬೇಯಿಸಿ ಆಮೇಲೆ ಸುಟ್ಟಿದ್ದೇನೆ. ಏರ್ ಫ್ರೈಯರ್‌ನಲ್ಲೂ ಒಂದೆರಡು ಸಲ ನೋಡಿದ್ದೇನೆ. ಯಾವುದು ಒಳ್ಳೆಯದು ಅಂತ ಕೇಳಿದವರಿಗೆಲ್ಲ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಹತ್ತಿರ ಎಷ್ಟು ಹೊತ್ತು ಇದೆ?

ಮೂರೂವರೆ ಗಂಟೆ ಇದ್ದರೆ ಓಟಿಜಿ. 140 ಡಿಗ್ರಿಗೆ ಫಾಯಿಲ್ ಮುಚ್ಚಿ ಬೇಯಿಸಿ, ಕೊನೆಗೆ ಬಿಚ್ಚಿ, ಸಾಸ್ ಹಚ್ಚಿ ಕೆಂಪಗೆ ಮಾಡಿ. ಇದಕ್ಕಿಂತ ಚೆನ್ನಾಗಿ ಮನೆಯೊಳಗೆ ಬೇರೆ ಯಾವುದರಲ್ಲೂ ಬಂದಿಲ್ಲ. ಒಂದೂವರೆ ಗಂಟೆ ಮಾತ್ರ ಇದ್ದರೆ, ಇಲ್ಲವೇ ಕರೆಂಟ್ ಮೇಲೆ ನಂಬಿಕೆ ಇಲ್ಲದಿದ್ದರೆ, ಕುಕ್ಕರ್‌ನಲ್ಲಿ ಮುಕ್ಕಾಲು ಬೇಯಿಸಿ ಓಟಿಜಿಯಲ್ಲಿ ಮುಗಿಸಿ. ಮನೆಯಲ್ಲಿ ಕನ್ವೆಕ್ಷನ್ ಮೈಕ್ರೋವೇವ್ ಮಾತ್ರ ಇದ್ದರೂ ಆಗುತ್ತದೆ, ಆದರೆ ಎರಡು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಯಾಕೆ ಹೀಗೆ ಅಂತ ಈಗ ಬಿಡಿಸಿ ಹೇಳುತ್ತೇನೆ.

ಇಷ್ಟು ಹೊತ್ತು ಯಾಕೆ ಬೇಕು

ಹಂದಿ ಮಾಂಸ ಒಳಗೆ 63 ಡಿಗ್ರಿ ಮುಟ್ಟಿ ಮೂರು ನಿಮಿಷ ಹಾಗೇ ಇದ್ದರೆ ತಿನ್ನಲು ಯೋಗ್ಯ ಅಂತ ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಅದು ಮೂಳೆ ಇಲ್ಲದ ಮೆತ್ತನೆ ತುಂಡಿನ ಲೆಕ್ಕಕ್ಕೆ ಸಾಕು. ಪಕ್ಕೆಗೆ ಸಾಲದು. 63 ಡಿಗ್ರಿಗೆ ಇಳಿಸಿದ ಪಕ್ಕೆಯನ್ನು ಕಚ್ಚಿದರೆ ಚಪ್ಪಲಿ ಕಚ್ಚಿದ ಹಾಗೆ ಇರುತ್ತದೆ. ಪಕ್ಕೆಯ ಮಾಂಸದಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಜಾಸ್ತಿ. ಮಾಂಸದ ಒಳಗಿನ ಶಾಖ 70 ಡಿಗ್ರಿ ದಾಟಿದ ಮೇಲೆ ಅದು ಚುರುಕಾಗಿ ಕರಗಲು ಶುರುವಾಗಿ ಜೆಲಾಟಿನ್ ಆಗುತ್ತದೆ. ಕಾಲು ಸೂಪು ತಣ್ಣಗಾದಾಗ ಲೋಳೆಯಾಗಿ ಗಟ್ಟಿ ಆಗುತ್ತದಲ್ವಾ, ಅದೇ ಜೆಲಾಟಿನ್. ಪಕ್ಕೆ ಒಳಗೆ 90ರಿಂದ 95 ಡಿಗ್ರಿ ತಲುಪುವ ಹೊತ್ತಿಗೆ ಬಾಯಲ್ಲಿ ಬಿಡುವ ಹದಕ್ಕೆ ಬರುತ್ತದೆ.

ಶಾಖ ಜಾಸ್ತಿ ಕೊಟ್ಟರೆ ಬೇಗ ಆಗುವುದಿಲ್ಲವಾ ಅಂತ ಕೇಳುವವರಿದ್ದಾರೆ. ಆಗುವುದಿಲ್ಲ. 200 ಡಿಗ್ರಿಗೆ ಇಟ್ಟರೆ ಹೊರಗಿನ ಮಾಂಸ ಒಣಗಿ ಚಕ್ಕಳ ಆಗುತ್ತದೆ, ಮೂಳೆ ಪಕ್ಕದ ನಾರು ಹಾಗೇ ಇರುತ್ತದೆ. ಈ ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಮುಂದಿನ ಹೋಲಿಕೆ ಎಲ್ಲ ಸುಲಭ. ಯಾವ ಯಂತ್ರ ಮಾಂಸವನ್ನು ಒಣಗಿಸದೆ ಹೆಚ್ಚು ಹೊತ್ತು ಬಿಸಿಯಾಗಿ ಇಡುತ್ತದೋ ಅದು ಗೆಲ್ಲುತ್ತದೆ.

ಬೆನ್ನಿನ ಕಡೆ ಪಕ್ಕೆಯೋ, ಹೊಟ್ಟೆ ಕಡೆಯದೋ

ಅಮೆರಿಕದಲ್ಲಿ ಇವೆರಡೂ ಬೇರೆ ಬೇರೆ ಹೆಸರಲ್ಲಿ ಮಾರಾಟ ಆಗುತ್ತವೆ. ಬೆನ್ನುಮೂಳೆಗೆ ಹತ್ತಿರ ಇರುವ ಗಿಡ್ಡ, ಬಾಗಿದ ಪಟ್ಟಿಗೆ ಬೇಬಿ ಬ್ಯಾಕ್ ಅನ್ನುತ್ತಾರೆ. ಬೇಬಿ ಅಂದರೆ ಮರಿ ಹಂದಿಯದ್ದಲ್ಲ, ಅಳತೆ ಸಣ್ಣದು ಅಂತ. ಅದರ ಕೆಳಗೆ ಹೊಟ್ಟೆ ಕಡೆಗೆ ಇಳಿಯುವ ಉದ್ದನೆ, ಚಪ್ಪಟೆ ಪಟ್ಟಿ ಸ್ಪೇರ್ ರಿಬ್ಸ್. ಅದರ ತುದಿಯ ಎದೆ ಮೂಳೆ, ಮೆದು ಮೂಳೆ ಕತ್ತರಿಸಿ ಚೌಕ ಮಾಡಿದರೆ ಸೇಂಟ್ ಲೂಯಿಸ್ ಕಟ್.

ನಮ್ಮ ಅಂಗಡಿಗಳಲ್ಲಿ ಈ ಹೆಸರು ಯಾವುದೂ ನಡೆಯುವುದಿಲ್ಲ. ನಾನು ಈಗ ಹೇಳುವುದು ಇಷ್ಟು: "ಅಣ್ಣಾ, ತುಂಡು ಮಾಡಬೇಡಿ. ಪಕ್ಕೆ ಹಾಗೇ ಹಲಗೆ ಥರ ಬೇಕು. ಚರ್ಮ ತೆಗೆದುಬಿಡಿ." ಇದನ್ನು ಕತ್ತಿ ಎತ್ತುವ ಮೊದಲೇ ಹೇಳಬೇಕು. ಹಿಂದಿನ ದಿನವೇ ಹೇಳಿಟ್ಟರೆ ಇನ್ನೂ ಒಳ್ಳೆಯದು, ಯಾಕೆಂದರೆ ಭಾನುವಾರ ಎಂಟು ಗಂಟೆಗೆಲ್ಲ ಪಕ್ಕೆ ಕಡಿದು ಮುಗಿದಿರುತ್ತದೆ.

ಎರಡೂ ಸಿಕ್ಕರೆ ನನ್ನ ಆಯ್ಕೆ ಹೊಟ್ಟೆ ಕಡೆಯದು. ನೆಣ ಜಾಸ್ತಿ, ರುಚಿ ಜಾಸ್ತಿ, ಬೇಯುವಾಗ ಸ್ವಲ್ಪ ಹೆಚ್ಚು ಕಡಿಮೆ ಆದರೂ ತಡೆದುಕೊಳ್ಳುತ್ತದೆ. ಬೆನ್ನಿನ ಕಡೆಯದು ಅರ್ಧ ಗಂಟೆ ಬೇಗ ಬೇಯುತ್ತದೆ, ಆದರೆ ನೆಣ ಕಡಿಮೆ, ಮರೆತರೆ ಒಣಗುತ್ತದೆ. ಮನೆಯಲ್ಲಿ ನೆಣ ಕಂಡರೆ ಬದಿಗೆ ಸರಿಸುವ ಮಕ್ಕಳಿದ್ದರೆ ಬೆನ್ನಿನ ಕಡೆಯದನ್ನೇ ತನ್ನಿ. ಫ್ರೋಜನ್ ಪ್ಯಾಕೆಟ್ ತಂದರೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ಒಂದು ಇಡೀ ದಿನ ಇಟ್ಟು ಕರಗಿಸಿ. ಅರ್ಧ ಹೆಪ್ಪುಗಟ್ಟಿದ್ದನ್ನೇ ಓವನ್ನಿಗೆ ಇಟ್ಟರೆ ಒಂದು ಕಡೆ ಬೆಂದು ಒಂದು ಕಡೆ ಹಸಿ ಉಳಿಯುತ್ತದೆ.

ಇನ್ನೊಂದು ಮಾತು. ಮಾಂಸದಲ್ಲಿ ಅಕ್ಕಿ ಕಾಳಿನ ಹಾಗೆ ಬಿಳಿ ಗುಳ್ಳೆ ಕಂಡರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬೇಡ. ಅವು ಲಾಡಿ ಹುಳದ ಮರಿಗಳಿರುವ ಗುಳ್ಳೆಗಳು. ಪಕ್ಕೆಯನ್ನು ನಾವು 90 ಡಿಗ್ರಿ ದಾಟಿಸುತ್ತೇವೆ, ಹಾಗಾಗಿ ಅರೆಬೆಂದ ಮಾಂಸದ ಭಯ ಇಲ್ಲ. ಆದರೂ ಅಂಥ ಮಾಂಸ ಮನೆಗೆ ತರಬಾರದು.

ಮನೆಗೆ ತಂದ ಮೇಲೆ ಮೊದಲ ಕೆಲಸ ಪೊರೆ ತೆಗೆಯುವುದು. ಪಟ್ಟಿಯನ್ನು ಮಗುಚಿ ಹಾಕಿದರೆ ಮೂಳೆಗಳ ಮೇಲೆ ತೆಳ್ಳಗೆ ಬಿಳಿ ಪೊರೆ ಕಾಣುತ್ತದೆ. ಅದು ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ, ಉಪ್ಪು ಖಾರವನ್ನೂ ಒಳಗೆ ಬಿಡುವುದಿಲ್ಲ. ಇದು ನನಗೆ ಎರಡು ಮೂರು ಸಲ ಕೈಗೆ ಸಿಗದೆ ಜಾರಿತು. ಅವ್ವ ನೋಡುತ್ತಾ ಕೂತಿದ್ದವಳು ಎದ್ದು ಬಂದಳು. ಚಮಚದ ಹಿಂಬದಿಯನ್ನು ಕೊನೆಯ ಮೂಳೆ ಮೇಲೆ ಪೊರೆಯ ಅಡಿ ತೂರಿಸಿ ಸ್ವಲ್ಪ ಎಬ್ಬಿಸಿದಳು. ಹಳೇ ಪಂಚೆಯ ಒಣ ತುಂಡಿನಿಂದ ಅಂಚನ್ನು ಬಿಗಿಯಾಗಿ ಹಿಡಿದು ಒಂದೇ ಎಳೆತಕ್ಕೆ ಎಳೆದಳು. ಹಲಸಿನ ತೊಳೆಯ ಸುತ್ತಲಿನ ಸಿಪ್ಪೆ ಬಂದ ಹಾಗೆ ಪೂರ್ತಿ ಬಂತು. "ಒದ್ದೆ ಕೈಲಿ ಹಿಡಿದ್ರೆ ಜಾರದೆ ಇನ್ನೇನಾಗುತ್ತೆ" ಅಂದಳು. ಬಟ್ಟೆ ಒಣಗಿರಬೇಕು, ಅಷ್ಟೇ ಗುಟ್ಟು.

ಓಟಿಜಿ: ಸಮಯ ಇದ್ದವರಿಗೆ

ಓಟಿಜಿ ಅಂದರೆ ಮೇಲೆ ಕೆಳಗೆ ಕಾಯುವ ರಾಡ್ ಇರುವ ಪೆಟ್ಟಿಗೆ. ಪಕ್ಕೆಗೆ ಇದರ ಅನುಕೂಲ ಏನೆಂದರೆ ಕೆಳಗಿನ ರಾಡ್, ಮೇಲಿನ ರಾಡ್, ಎರಡೂ ಒಟ್ಟಿಗೆ ಅಂತ ಬೇಕಾದ ಹಾಗೆ ಬದಲಿಸಬಹುದು. ನಿಧಾನವಾಗಿ ಬೇಯುವಾಗ ಎರಡೂ, ಕೊನೆಗೆ ಸಾಸ್ ಕೆಂಪಗೆ ಮಾಡುವಾಗ ಮೇಲಿನದು ಮಾತ್ರ.

ನಾನು ಮಾಡುವ ಕ್ರಮ ಹೀಗಿದೆ. ಹಿಂದಿನ ರಾತ್ರಿ ಒಣ ಮಸಾಲೆ ಸವರಿ ಫ್ರಿಜ್ಜಿನಲ್ಲಿ ಇಡುತ್ತೇನೆ. ಬೆಳಿಗ್ಗೆ ಓಟಿಜಿಯನ್ನು 140 ಡಿಗ್ರಿಗೆ ಹದಿನೈದು ನಿಮಿಷ ಕಾಯಿಸುತ್ತೇನೆ. ಪಟ್ಟಿ ಉದ್ದವಾಗಿದ್ದರೆ ಎರಡು ಭಾಗ ಮಾಡುತ್ತೇನೆ, 28 ಲೀಟರಿನ ಪೆಟ್ಟಿಗೆಗೆ ಇಡೀ ಪಟ್ಟಿ ಹಿಡಿಯುವುದಿಲ್ಲ. ಟ್ರೇಗೆ ಫಾಯಿಲ್ ಹಾಸಿ, ಮೂಳೆ ಬದಿ ಕೆಳಗೆ ಮಾಡಿ ಇಟ್ಟು, ಮೂರು ಚಮಚ ನೀರು, ಒಂದು ಚಮಚ ವಿನೆಗರ್ ಚಿಮುಕಿಸಿ, ಮೇಲಿನಿಂದ ಇನ್ನೊಂದು ಹಾಳೆ ಮುಚ್ಚಿ ಅಂಚು ಬಿಗಿಯಾಗಿ ಮಡಚುತ್ತೇನೆ. ಕೆಳಗಿನ ಹಂತದಲ್ಲಿ ಇಡುತ್ತೇನೆ. ಹೊಟ್ಟೆ ಕಡೆಯ ಪಕ್ಕೆಗೆ ಎರಡೂವರೆ ಗಂಟೆ, ಬೆನ್ನಿನ ಕಡೆಯದಕ್ಕೆ ಎರಡು ಗಂಟೆ. ಆಮೇಲೆ ಬಿಚ್ಚಿ, ಟ್ರೇಯಲ್ಲಿ ನಿಂತ ರಸವನ್ನು ಬಟ್ಟಲಿಗೆ ಬಸಿದು, 180 ಡಿಗ್ರಿಗೆ ಏರಿಸಿ ಹತ್ತು ನಿಮಿಷ ಒಣಗಿಸಿ, ಸಾಸ್ ಹಚ್ಚಿ ಹತ್ತು ನಿಮಿಷ, ಮತ್ತೆ ಹಚ್ಚಿ ಐದು ನಿಮಿಷ.

ಓಟಿಜಿಯ ದೊಡ್ಡ ತೊಂದರೆ ಅದರ ಗುಂಡಿಯ ಮೇಲಿನ ಡಿಗ್ರಿಯನ್ನು ನಂಬಲು ಆಗುವುದಿಲ್ಲ. ನಮ್ಮದರಲ್ಲಿ 140 ಅಂತ ಇಟ್ಟರೆ ಒಳಗೆ 165 ಇರುತ್ತಿತ್ತು. ಒಳಗೆ ತೂಗುಹಾಕುವ ಸಣ್ಣ ಓವನ್ ಥರ್ಮಾಮೀಟರ್ ತಂದ ಮೇಲೆ ಗೊತ್ತಾಯಿತು. ಅದಕ್ಕೂ ಮೊದಲು ಮೂರು ಸಲ ಅಂಚು ಕರಟಿ ಹೋಗಿತ್ತು, ನನ್ನ ಮಸಾಲೆಯದೇ ತಪ್ಪು ಅಂದುಕೊಂಡಿದ್ದೆ. ಈ ಅಡುಗೆಗೆ ದುಡ್ಡು ಹಾಕುವುದಾದರೆ ಮೊದಲು ಥರ್ಮಾಮೀಟರ್ ಕೊಳ್ಳಿ, ಸಾಸ್ ಬಾಟಲಿ ಆಮೇಲೆ.

ಎಷ್ಟೋ ಓಟಿಜಿಗಳ ಟೈಮರ್ 60 ನಿಮಿಷಕ್ಕೇ ನಿಲ್ಲುತ್ತದೆ. ಮೊಬೈಲಿನಲ್ಲಿ 55 ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳಿ, ಇಲ್ಲದಿದ್ದರೆ ಓವನ್ ಆರಿ ಅರ್ಧ ಗಂಟೆ ಆದ ಮೇಲೆ ನೆನಪಾಗುತ್ತದೆ. ಪ್ಲಗ್ ವಿಷಯವೂ ಅಷ್ಟೇ ಮುಖ್ಯ. 1500 ವ್ಯಾಟ್ ಅಂದರೆ ಸುಮಾರು ಆರೂವರೆ ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಸಣ್ಣ ಸಾಕೆಟ್‌ಗೆ, ಅದರಲ್ಲೂ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ ಮೂರು ಗಂಟೆ ಓಡಿಸಬೇಡಿ. 16 ಆಂಪಿಯರಿನ ಪವರ್ ಪ್ಲಗ್ಗೇ ಆಗಬೇಕು. ಕರೆಂಟ್ ಖರ್ಚಿಗೆ ಹೆದರಬೇಕಿಲ್ಲ. 1500 ವ್ಯಾಟ್ ಮೂರು ಗಂಟೆ ಬಿಡದೆ ಉರಿದರೂ ನಾಲ್ಕೂವರೆ ಯೂನಿಟ್. 140 ಡಿಗ್ರಿಯಲ್ಲಿ ರಾಡ್ ಆರುತ್ತಾ ಹತ್ತುತ್ತಾ ಇರುತ್ತದೆ, ಹಾಗಾಗಿ ಅಷ್ಟೂ ಆಗುವುದಿಲ್ಲ.

ಕನ್ವೆಕ್ಷನ್ ಮೈಕ್ರೋವೇವ್: ಇದ್ದರೆ ಬಳಸಿ, ಇದಕ್ಕಾಗಿ ಕೊಳ್ಳಬೇಡಿ

ತಮ್ಮ ಫೋನ್ ಮಾಡಿ "ಅಕ್ಕಾ, ನಮ್ಮನೇಲಿ ಓಟಿಜಿ ಇಲ್ಲ, ಮೈಕ್ರೋವೇವ್‌ನಲ್ಲಿ ಆಗುತ್ತಾ?" ಅಂದಾಗ ನಾನು ಕೇಳಿದ್ದು ಕನ್ವೆಕ್ಷನ್ ಇದೆಯಾ ಅಂತ. ಬರೀ ಮೈಕ್ರೋವೇವ್ ಆದರೆ ಆಗುವುದಿಲ್ಲ. ಅದರಲ್ಲಿ ಪಕ್ಕೆ ಬೇಗ ಬಿಸಿಯಾಗುತ್ತದೆ, ನಾರು ಕರಗಲು ಬೇಕಾದ ಹೊತ್ತು ಸಿಗುವುದಿಲ್ಲ, ಮೇಲೆ ಬಣ್ಣವೂ ಬರುವುದಿಲ್ಲ.

ಕನ್ವೆಕ್ಷನ್‌ನಲ್ಲಿ ಬಿಸಿ ಗಾಳಿಯನ್ನು ಫ್ಯಾನ್ ಸುತ್ತಿಸುತ್ತದೆ. ಶಾಖ ಎಲ್ಲ ಕಡೆ ಸಮನಾಗಿ ತಾಗುತ್ತದೆ, ಡಿಗ್ರಿಯೂ ಓಟಿಜಿಗಿಂತ ಹೆಚ್ಚು ನಂಬಿಕೆಯದ್ದು. ಆದರೆ ಗಾಳಿ ಬೀಸಿದರೆ ಬಟ್ಟೆ ಬೇಗ ಒಣಗುತ್ತದಲ್ವಾ? ಮಾಂಸವೂ ಹಾಗೆಯೇ. ಅದಕ್ಕೆ ಇದರಲ್ಲಿ ಫಾಯಿಲ್ ಇನ್ನೂ ಬಿಗಿಯಾಗಿ ಮುಚ್ಚಬೇಕು, ಶಾಖ ಹತ್ತು ಡಿಗ್ರಿ ಕಡಿಮೆ, ಅಂದರೆ 130 ಇಡಬೇಕು. ಇದು ಮೊದಲ ವಿಷಯ.

ಎರಡನೆಯದು ಅಪಾಯದ್ದು. ಫಾಯಿಲ್ ಹಾಕಿದ ಮೇಲೆ ಕನ್ವೆಕ್ಷನ್ ಬಟನ್ ಮಾತ್ರ ಒತ್ತಬೇಕು. ಮೈಕ್ರೋ ಅಥವಾ ಕಾಂಬಿ (ಎರಡೂ ಒಟ್ಟಿಗೆ ನಡೆಯುವ) ಬಟನ್ ಒತ್ತಿದರೆ ಫಾಯಿಲ್‌ನಿಂದ ಕಿಡಿ ಹಾರುತ್ತದೆ. ಯಂತ್ರದ ಜೊತೆ ಕೊಟ್ಟ ಪುಸ್ತಕದಲ್ಲಿ ಯಾವ ಮೋಡ್‌ಗೆ ಯಾವ ಪಾತ್ರೆ ಅಂತ ಬರೆದಿರುತ್ತದೆ, ಒಮ್ಮೆ ಓದಿಬಿಡಿ.

ಜಾಗವೂ ಕಡಿಮೆ. ತಿರುಗುವ ತಟ್ಟೆ ಮೇಲೆ ಪಟ್ಟಿಯನ್ನು ಮೂರು ತುಂಡು ಮಾಡಿ ಇಡಬೇಕು, ಅಂಚು ಗೋಡೆಗೆ ತಾಗಿದರೆ ತಟ್ಟೆ ತಿರುಗುವುದಿಲ್ಲ. ಮೂರು ನಾಲ್ಕು ಜನರ ಊಟಕ್ಕೆ ಸಾಕು. ನನಗೆ ಬೇಸರ ಅನ್ನಿಸುವುದು ಕೊನೆಯ ಹಂತ. ಸಾಸ್ ಹಚ್ಚಿದ ಮೇಲೆ ಓಟಿಜಿಯ ಮೇಲಿನ ರಾಡ್ ಕೊಡುವ ಗುಳ್ಳೆ ಗುಳ್ಳೆ ಕೆಂಪು ಇದರಲ್ಲಿ ಬಂದಿಲ್ಲ. ತಮ್ಮ ಈಗ ಕೊನೆಗೆ ಗ್ರಿಲ್ ಮೋಡ್‌ಗೆ ಬದಲಿಸುತ್ತಾನೆ, ಎತ್ತರದ ಸ್ಟ್ಯಾಂಡಿನ ಮೇಲೆ, ಫಾಯಿಲ್ ಪೂರ್ತಿ ತೆಗೆದು. ಸುಮಾರಾಗಿ ಬರುತ್ತದೆ. ಆದ ಮೇಲೆ ಒಂದು ಬಟ್ಟಲು ನೀರಿಗೆ ನಿಂಬೆ ಸಿಪ್ಪೆ ಹಾಕಿ ಐದು ನಿಮಿಷ ಕುದಿಸಿ, ಆವಿ ಆರುವ ಮೊದಲು ಒಳಗೆಲ್ಲ ಒರೆಸಿಬಿಡಿ. ಮರುದಿನ ಹಾಲು ಬಿಸಿ ಮಾಡುವ ಯಂತ್ರ ಅದೇ ಅಲ್ವಾ.

ಕುಕ್ಕರ್ ಮತ್ತು ಓಟಿಜಿ: ಅವಸರಕ್ಕೆ, ಕರೆಂಟ್ ನಂಬಲಾಗದ ದಿನಕ್ಕೆ

ಇದನ್ನು ನಾನು ಬೇಕಂತ ಕಲಿತದ್ದಲ್ಲ. ಒಂದು ಭಾನುವಾರ ನನ್ನ ತಮ್ಮ ಹೆಂಡತಿ ಮಕ್ಕಳ ಜೊತೆ ಚಿತ್ರದುರ್ಗದಿಂದ ಬರುವವನಿದ್ದ. ಹೈವೇಯಲ್ಲಿ ಸುಮಾರು 60 ಕಿ.ಮೀ., ಗಂಟೆಗೆಲ್ಲ ಬಂದುಬಿಡುತ್ತಾರೆ. ಪಕ್ಕೆ ಓಟಿಜಿಗೆ ಇಟ್ಟು ಒಂದು ಗಂಟೆ ಆಗಿತ್ತು, ಕರೆಂಟ್ ಹೋಯಿತು. ಅರ್ಧ ಗಂಟೆ ಕಾದೆ. ಓಟಿಜಿಯ ಗೋಡೆ ತೆಳು, ಬಿಸಿ ಹಿಡಿದಿಡುವುದಿಲ್ಲ, ಬಾಗಿಲ ಗಾಜು ಕೈಗೆ ಬೆಚ್ಚಗಷ್ಟೇ ಇತ್ತು. ಮಕ್ಕಳು ಹಸಿದು ಬರುತ್ತಾರೆ ಅಂತ ಗಾಬರಿ ಆಯಿತು. ಪಟ್ಟಿಯನ್ನು ನಾಲ್ಕು ನಾಲ್ಕು ಮೂಳೆಗೆ ಒಂದರಂತೆ ಕತ್ತರಿಸಿ, ಟ್ರೇಯ ರಸದ ಸಮೇತ ಕುಕ್ಕರ್‌ಗೆ ಹಾಕಿ, ಅರ್ಧ ಲೋಟ ನೀರು ಬೆರೆಸಿ, ಒಂದು ವಿಸಿಲ್ ಬಂದ ಮೇಲೆ ಉರಿ ಸಣ್ಣ ಮಾಡಿ ಎಂಟು ನಿಮಿಷ ಬಿಟ್ಟೆ. ಆಮೇಲೆ ಕಬ್ಬಿಣದ ಹೆಂಚಿನ ಮೇಲೆ ಸಾಸ್ ಹಚ್ಚಿ ಎರಡೂ ಬದಿ ಸುಟ್ಟೆ. ಮಕ್ಕಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ನನಗೆ ಗೊತ್ತಾಯಿತು, ಆದರೂ ತಿಂದು ಸಂತೋಷ ಆಯಿತು.

ಕುಕ್ಕರ್ ಬೇಗ ಬೇಯಿಸಲು ಕಾರಣ ಇಷ್ಟೇ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ. ಕುಕ್ಕರ್ ಒಳಗೆ ಒತ್ತಡ ಇರುವುದರಿಂದ 120 ಡಿಗ್ರಿ ಹತ್ತಿರ ಹೋಗುತ್ತದೆ, ಅದೂ ಒದ್ದೆ ಶಾಖ. ಎರಡು ಗಂಟೆಗೆ ಕರಗುವ ನಾರು ಕಾಲು ಗಂಟೆಗೆ ಕರಗುತ್ತದೆ. ತೊಂದರೆ ಏನೆಂದರೆ ಒಂದು ಪಾಲು ರುಚಿ ನೀರಿಗೆ ಇಳಿದುಹೋಗುತ್ತದೆ. ಮಾಂಸ ಬೆಂದ ಮಾಂಸದ ಹಾಗೆ ಇರುತ್ತದೆ, ಸುಟ್ಟ ಮಾಂಸದ ಹಾಗೆ ಅಲ್ಲ. ಇನ್ನು ಐದು ನಿಮಿಷ ಜಾಸ್ತಿ ಬಿಟ್ಟರೆ ಮೂಳೆ ಬೇರೆ, ಖಂಡ ಬೇರೆ.

ಹಾಗಾಗಿ ಹಸಿ ಪಕ್ಕೆಗೆ ನನ್ನ ಲೆಕ್ಕ: ಒಂದು ಕೆಜಿಗೆ ಒಂದೇ ಲೋಟ ನೀರು, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಒಂದು ವಿಸಿಲ್, ಆಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ. ಒತ್ತಡ ತಾನಾಗಿ ಇಳಿಯಲು ಬಿಡಿ. ತೆಗೆದು ತಟ್ಟೆಯಲ್ಲಿ ಹತ್ತು ನಿಮಿಷ ಆರಲು ಬಿಡಿ, ಮೇಲಿನ ನೀರು ಆರದಿದ್ದರೆ ಮಸಾಲೆ ಹಿಡಿಯುವುದಿಲ್ಲ. ಆಮೇಲೆ ಒಣ ಮಸಾಲೆ, ಶೇಂಗಾ ಎಣ್ಣೆ ಸವರಿ 200 ಡಿಗ್ರಿ ಓಟಿಜಿಯಲ್ಲಿ ಹದಿನೈದು ನಿಮಿಷ, ಸಾಸ್ ಹಚ್ಚಿ ಇನ್ನು ಹತ್ತು ನಿಮಿಷ.

ಈ ದಾರಿಯಲ್ಲಿ ಒಂದು ಲಾಭ ಬೇರೆ ಯಾವುದರಲ್ಲೂ ಇಲ್ಲ. ಕುಕ್ಕರ್‌ನಲ್ಲಿ ಉಳಿದ ರಸ. ಅದರ ಮೇಲಿನ ಎಣ್ಣೆ ಸ್ವಲ್ಪ ತೆಗೆದು, ಹುರಿದ ಕೊಬ್ಬರಿ, ದನಿಯಾ, ಮೆಣಸು ರುಬ್ಬಿ ಹಾಕಿದರೆ ರಾತ್ರಿಗೆ ಸಾರು ಆಯಿತು. ಅವ್ವನಿಗೆ ಸಿಹಿ ಸಾಸಿನ ಪಕ್ಕೆ ಅಷ್ಟು ಹಿಡಿಸುವುದಿಲ್ಲ. ಅವಳಿಗೆ ಈ ಸಾರು, ಮುದ್ದೆ. ಮಧ್ಯಾಹ್ನ ಮಕ್ಕಳ ಊಟ, ರಾತ್ರಿ ಅವ್ವನ ಊಟ, ಒಂದೇ ಪಕ್ಕೆಯಲ್ಲಿ ಎರಡೂ ಆಗುತ್ತದೆ. ಮನೆಯಲ್ಲಿ ಹಿರಿಯರು ಇದ್ದರೆ ಸಮಯ ಇದ್ದಾಗಲೂ ಕುಕ್ಕರ್ ದಾರಿಯನ್ನೇ ಹಿಡಿಯಿರಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಏರ್ ಫ್ರೈಯರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದೂ ಬಿಸಿ ಗಾಳಿಯ ಯಂತ್ರವೇ, ಬುಟ್ಟಿ ಸಣ್ಣದು, ಗಾಳಿ ಜೋರು. ಹಸಿ ಪಕ್ಕೆಗೆ ಬೇಡ. ಕುಕ್ಕರ್‌ನಲ್ಲಿ ಬೆಂದದ್ದನ್ನು ಇಬ್ಬರಿಗೆ ಆಗುವಷ್ಟು ಕೆಂಪಗೆ ಮಾಡಲು ಚೆನ್ನಾಗಿದೆ.

ಫಾಯಿಲ್ ಮುಚ್ಚುವುದೋ, ತೆರೆದಿಡುವುದೋ

ಅಮೆರಿಕದ ಬಾರ್ಬೆಕ್ಯೂದವರು ಸೌದೆ ಹೊಗೆಯಲ್ಲಿ ತೆರೆದಿಟ್ಟು ಬೇಯಿಸುತ್ತಾರೆ. ಅದನ್ನು ನೋಡಿ ಓಟಿಜಿಯಲ್ಲೂ ತೆರೆದಿಡಬೇಕು ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ತೆರೆದಿಟ್ಟ ಮಾಂಸದಿಂದ ನೀರು ಆವಿಯಾಗುತ್ತಾ ಇರುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಗಡಿಗೆ ಬೆವೆತು ನೀರು ತಣ್ಣಗಾಗುವುದು ಹೇಗೋ, ಆ ಆವಿಯೂ ಮಾಂಸವನ್ನು ತಣ್ಣಗೆ ಇಡುತ್ತದೆ. ಒಳಗಿನ ಶಾಖ 65-70 ಡಿಗ್ರಿ ಹತ್ತಿರ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಹೊಗೆ ಇದ್ದರೆ ಆ ಹೊತ್ತು ವ್ಯರ್ಥ ಆಗುವುದಿಲ್ಲ, ಮಾಂಸಕ್ಕೆ ಪರಿಮಳ ಹತ್ತುತ್ತದೆ. ಓಟಿಜಿಯಲ್ಲಿ ಹೊಗೆಯೇ ಇಲ್ಲ. ಸುಮ್ನೆ ಒಣಗುತ್ತದೆ ಅಷ್ಟೇ. ಫಾಯಿಲ್ ಮುಚ್ಚಿದರೆ ಆವಿ ಒಳಗೇ ಉಳಿದು ಮಾಂಸ ಬೇಗ ಬೇಯುತ್ತದೆ.

ಪೂರ್ತಿ ಹೊತ್ತು ಮುಚ್ಚಿಟ್ಟರೆ ಕುಕ್ಕರಿನ ಹಾಗೇ ಬೆಂದ ರುಚಿ ಬರುತ್ತದೆ. ಅದಕ್ಕೇ ಕೊನೆಯ ಇಪ್ಪತ್ತೈದು ನಿಮಿಷ ಬಿಚ್ಚುವುದು. ಫಾಯಿಲ್ ಬಿಚ್ಚುವಾಗ ನಿಮ್ಮಿಂದ ದೂರದ ಅಂಚನ್ನು ಮೊದಲು ಎತ್ತಿ. ಒಳಗಿನ ಆವಿ ಮುಂಗೈ ಸುಟ್ಟುಬಿಡುತ್ತದೆ.

ಒಣ ಮಸಾಲೆ, ಸಾಸ್, ಹೊಗೆ

ಅಮೆರಿಕದಲ್ಲೇ ಇದಕ್ಕೆ ಒಮ್ಮತ ಇಲ್ಲ. ಮೆಂಫಿಸ್ ಕಡೆ ಒಣ ಮಸಾಲೆಯ ಪಕ್ಕೆ ಹೆಸರುವಾಸಿ. ಕಾನ್ಸಾಸ್ ಸಿಟಿ ಕಡೆ ಟೊಮೆಟೊ, ಕಾಕಂಬಿ ಹಾಕಿದ ದಪ್ಪ ಸಿಹಿ ಸಾಸ್. ನಾನು ಎರಡನ್ನೂ ಹಾಕುತ್ತೇನೆ, ಆದರೆ ಸಾಸ್ ತೆಳ್ಳಗೆ.

ಒಂದು ಕೆಜಿ ಪಕ್ಕೆಗೆ ಎರಡು ದೊಡ್ಡ ಚಮಚ ಬ್ಯಾಡಗಿ ಖಾರದ ಪುಡಿ, ಒಂದು ದೊಡ್ಡ ಚಮಚ ಬೆಲ್ಲದ ಪುಡಿ, ಎರಡು ಸಣ್ಣ ಚಮಚ ಉಪ್ಪು, ಒಂದೊಂದು ಸಣ್ಣ ಚಮಚ ಕಾಳುಮೆಣಸು, ಜೀರಿಗೆ, ಸಾಸಿವೆ ಪುಡಿ. ಅಮೆರಿಕದವರು ಪಾಪ್ರಿಕಾ ಹಾಕುತ್ತಾರೆ, ಬಣ್ಣ ಜಾಸ್ತಿ ಖಾರ ಕಡಿಮೆ. ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಅದೇ. ಪಾಪ್ರಿಕಾ ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ಗುಂಟೂರು ಪುಡಿ ಮಾತ್ರ ಇಷ್ಟು ಹಾಕಬೇಡಿ, ತಿನ್ನಲು ಆಗುವುದಿಲ್ಲ.

ಬಾಟಲಿ ಬಾರ್ಬೆಕ್ಯೂ ಸಾಸ್ ಆನ್‌ಲೈನಿನಲ್ಲಿ ಸಿಗುತ್ತದೆ. ಅವಸರಕ್ಕೆ ಸರಿ, ನನಗೆ ಸಿಹಿ ಜಾಸ್ತಿ ಅನ್ನಿಸುತ್ತದೆ. ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ತುರಿದ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಹುರಿದು, ಮುಕ್ಕಾಲು ಬಟ್ಟಲು ಟೊಮೆಟೊ ಸಾಸ್, ಮೂರು ಚಮಚ ಬೆಲ್ಲ, ಮೂರು ಚಮಚ ವಿನೆಗರ್, ಒಂದು ಚಮಚ ಬ್ಯಾಡಗಿ ಪುಡಿ ಹಾಕಿ ಕಾಲು ಗಂಟೆ ಕುದಿಸಿ. ಟ್ರೇಯಿಂದ ಬಸಿದ ರಸವನ್ನು ನಾಲ್ಕು ಚಮಚ ಸೇರಿಸಿ, ರುಚಿ ಬೇರೆಯೇ ಆಗುತ್ತದೆ. ವಿನೆಗರ್ ಬದಲು ಹುಣಸೆ ರಸವೂ ಚೆನ್ನ. ಸಾಸನ್ನು ಮೊದಲೇ ಹಚ್ಚಬಾರದು. ಬೆಲ್ಲ ಸೀದು ಕಹಿ ಆಗುತ್ತದೆ.

ಹೊಗೆಯ ವಿಷಯಕ್ಕೆ ನಾವು ಅದೃಷ್ಟವಂತರು. ಟೆಕ್ಸಾಸ್‌ನಲ್ಲಿ ಮಾಂಸಕ್ಕೆ ಹೊಗೆ ಕೊಡಲು ಮೆಸ್ಕೀಟ್ ಎಂಬ ಮರ ಬಳಸುತ್ತಾರೆ. ನಮ್ಮ ಬಯಲುಸೀಮೆಯಲ್ಲಿ ಎಲ್ಲೆಂದರಲ್ಲಿ ಬೆಳೆದಿರುವ ಬಳ್ಳಾರಿ ಜಾಲಿ ಅದೇ ಕುಲದ ಗಿಡ. ಚಿತ್ರದುರ್ಗದಿಂದ ಚಳ್ಳಕೆರೆ ಕಡೆ ಹೊರಟರೆ ರಸ್ತೆ ಬದಿಯಲ್ಲಿ ಕಾಣುತ್ತದೆ. ಅದರ ಇದ್ದಿಲು ತರಿಸಿಕೊಳ್ಳಿ. ಒಂದು ತುಂಡನ್ನು ಗ್ಯಾಸ್ ಮೇಲೆ ಪೂರ್ತಿ ಕೆಂಪಗಾಗುವವರೆಗೆ ಕಾಯಿಸಿ. ಬೆಂದ ಪಕ್ಕೆಯನ್ನು ದೊಡ್ಡ ಪಾತ್ರೆಯಲ್ಲಿ ಇಟ್ಟು, ನಡುವೆ ಸ್ಟೀಲ್ ಬಟ್ಟಲು ಇಟ್ಟು, ಕೆಂಡ ಅದರಲ್ಲಿ ಹಾಕಿ, ಮೇಲೆ ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಐದು ನಿಮಿಷ ಸಾಕು. ಹತ್ತು ನಿಮಿಷ ಬಿಟ್ಟರೆ ಮಸಿ ವಾಸನೆ ಬರುತ್ತದೆ. ಕಿಟಕಿ ತೆರೆದಿರಲಿ, ಕೆಂಡವನ್ನು ಓಟಿಜಿ ಒಳಗೆ ಮಾತ್ರ ಇಡಬೇಡಿ.

ಬೆಂದಿದೆಯಾ ಅಂತ ನೋಡುವುದು

ಗಡಿಯಾರ ನೋಡಿ ನಿರ್ಧಾರ ಮಾಡಬೇಡಿ, ಒಂದೊಂದು ಹಂದಿ ಒಂದೊಂದು ಥರ. ಇಕ್ಕಳದಿಂದ ಪಟ್ಟಿಯ ಒಂದು ತುದಿ ಹಿಡಿದು ಎತ್ತಿ. ಗಟ್ಟಿಯಾಗಿ ನಿಂತರೆ ಇನ್ನೂ ಬೇಯಬೇಕು. ಬಾಗಿ, ಮೇಲ್ಮೈಯಲ್ಲಿ ಸಣ್ಣ ಬಿರುಕು ಬಿಟ್ಟರೆ ಹದ. ಮೂಳೆಯ ತುದಿ ಅರ್ಧ ಸೆಂ.ಮೀ. ಆಚೆ ಕಾಣುತ್ತಿರುತ್ತದೆ. ಎತ್ತಿದ ಕೂಡಲೇ ತುಂಡಾಗಿ ಬಿದ್ದರೆ ಜಾಸ್ತಿ ಆಯಿತು. ಅಮೆರಿಕದ ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ಮೂಳೆ ಬಿಟ್ಟು ಉದುರುವ ಪಕ್ಕೆಗೆ ಅಂಕ ಕಳೆಯುತ್ತಾರೆ, ಕಚ್ಚಿದ ಜಾಗದಲ್ಲಿ ಮಾತ್ರ ಖಂಡ ಬಿಡಬೇಕು. ನಮ್ಮ ಮನೆಯಲ್ಲಿ ಉದುರುವುದನ್ನೇ ಇಷ್ಟಪಡುತ್ತಾರೆ. ನಿಮ್ಮ ಮನೆಯವರ ಬಾಯಿ ನೋಡಿಕೊಂಡು ಕಾಲು ಗಂಟೆ ಆಚೆ ಈಚೆ ಮಾಡಿ. ತೆಗೆದ ಮೇಲೆ ಹತ್ತು ನಿಮಿಷ ಬಿಟ್ಟು ಕತ್ತರಿಸಿ. ಜೊತೆಗೆ ಹಸಿ ಈರುಳ್ಳಿ, ನಿಂಬೆಹಣ್ಣು, ಮನೆಯಲ್ಲೇ ಹುಯ್ದ ಬೆಣ್ಣೆ ಹಾಕದ ಖಾಲಿ ದೋಸೆ. ಆ ಮೆತ್ತನೆ ದೋಸೆಯಿಂದ ತಟ್ಟೆಯ ಸಾಸ್ ಒರೆಸಿ ತಿನ್ನುವುದು ನನ್ನ ಮಗಳು ಕಂಡುಹಿಡಿದದ್ದು.

ಹೊಸದಾಗಿ ಓವನ್ ಕೊಳ್ಳುವವರಿಗೆ

ತಮ್ಮ ಈಗ ಓಟಿಜಿಯನ್ನೂ ಕೊಳ್ಳಬೇಕು ಅಂತಿದ್ದಾನೆ. 16 ಲೀಟರಿನದು ಕಡಿಮೆ ಬೆಲೆ ಅಂತ ತೋರಿಸಿದ. ಬೇಡ ಅಂದೆ. ಅದರಲ್ಲಿ ಮೇಲಿನ ರಾಡ್ ಮಾಂಸಕ್ಕೆ ತೀರಾ ಹತ್ತಿರ, ಫಾಯಿಲ್ ಹಾಕಿದರೂ ಅಂಚು ಕರಟುತ್ತದೆ. 60 ಲೀಟರಿನದು ದೊಡ್ಡ ಮನೆಗೆ ಸರಿ, ನಾಲ್ಕು ಜನಕ್ಕೆ ಜಾಗ, ಕರೆಂಟ್ ಎರಡೂ ದಂಡ. 28ರಿಂದ 40 ಲೀಟರ್ ನಡುವೆ ನೋಡು, ಮೇಲಿನ ರಾಡ್ ಕೆಳಗಿನ ರಾಡ್ ಬೇರೆ ಬೇರೆ ಹಚ್ಚಲು ಬರಬೇಕು, ಟೈಮರ್‌ನಲ್ಲಿ ನಿಲ್ಲದೆ ಉರಿಯುವ ಜಾಗ ಇದ್ದರೆ ಇನ್ನೂ ಒಳ್ಳೆಯದು ಅಂದೆ. ಮುಂದಿನ ಸಲ ಪಕ್ಕೆ ತಂದಾಗ ಅರ್ಧ ಪಟ್ಟಿಯ ಉದ್ದಕ್ಕೆ ಒಂದು ದಾರ ಅಳೆದು ಗಂಟು ಹಾಕಿ ಇಟ್ಟುಕೋ, ಅಂಗಡಿಗೆ ಹೋದಾಗ ಟ್ರೇ ಮೇಲೆ ಹಿಡಿದು ನೋಡು ಅಂತಲೂ ಹೇಳಿದ್ದೇನೆ. ದಾರ ಟ್ರೇ ಮೇಲೆ ನೇರವಾಗಿ ಕೂತು, ಸುತ್ತ ಎರಡು ಬೆರಳು ಜಾಗ ಉಳಿದರೆ ಅದನ್ನು ತರಬಹುದು.